ಬೈಕಿನ ಫೈಬರ್ ಫೇರಿಂಗ್ (ಹೊರಕವಚ) ಬಿರುಕು ಬಿಟ್ಟಿದೆ, ಪೇಂಟ್‌ಗೆ ಮೊದಲು ಸರಿಪಡಿಸುವುದು ಹೇಗೆ?

ಬಿರುಕಿನ ಮೇಲೆ ಬರೀ ಪುಟ್ಟಿ ಮೆತ್ತಬೇಡಿ. ಎಂಜಿನ್ ಅದುರುವಿಕೆಗೆ ಅದೇ ಗೆರೆ ಮತ್ತೆ ಮೇಲೇಳುತ್ತದೆ. ಬಲ ಒಳಬದಿಯಿಂದಲೇ ಬರಬೇಕು. ಬಿರುಕು ಮುಂದಕ್ಕೆ ಓಡದಂತೆ ತುದಿಗೆ 3 ಮಿ.ಮೀ. ತೂತು ಕೊರೆಯಿರಿ. ಹಿಂಬದಿಯಲ್ಲಿ ಸುತ್ತ 4–5 ಸೆಂ.ಮೀ. 80 ನಂಬರ್ ಉಜ್ಜುಕಾಗದದಿಂದ ಒರಟು ಮಾಡಿ (ಮಾಸ್ಕ್ ಬೇಕೇ ಬೇಕು), ಅಸಿಟೋನ್‌ನಿಂದ ಒರೆಸಿ.

100 ಗ್ರಾಂ ಪಾಲಿಯೆಸ್ಟರ್ ರೆಸಿನ್‌ಗೆ 1–2 ಗ್ರಾಂ ಹಾರ್ಡನರ್ (ರೆಸಿನ್ ಗಟ್ಟಿಯಾಗಿಸುವ ದ್ರವ) ಸಾಕು. ಹೆಚ್ಚಾದರೆ ಬಿಸಿಯೇರಿ ಪೆಡಸಾಗುತ್ತದೆ. ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಬೇರೆಯಾಗಿ ಕೊಟ್ಟಿದ್ದರೆ ಮೊದಲು ಅದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿ. ಹಾರ್ಡನರ್ ಜೊತೆ ನೇರ ಬೆರೆಸಿದರೆ ಸಿಡಿಯುತ್ತದೆ. ಈ ರೆಸಿನ್ ಹಚ್ಚುತ್ತಾ ಹಿಂಬದಿಗೆ 300 ಜಿಎಸ್‌ಎಂ (ಚದರ ಮೀಟರ್‌ಗೆ 300 ಗ್ರಾಂ ತೂಕದ) ಗಾಜಿನ ನಾರಿನ ಮ್ಯಾಟ್ ಎರಡು-ಮೂರು ಪದರ ಕೂರಿಸಿ, ಬ್ರಷ್‌ನಿಂದ ಕುಟ್ಟಿ ಗಾಳಿಗುಳ್ಳೆ ತೆಗೆಯಿರಿ.

ಒಂದು ದಿನ ಬಿಟ್ಟು ಹೊರಗಡೆ ತೆಳು ಪುಟ್ಟಿ, 180, ಆಮೇಲೆ 320ರ ಉಜ್ಜು, ಪ್ರೈಮರ್. ಎಬಿಎಸ್ ಪ್ಲಾಸ್ಟಿಕ್ ಫೇರಿಂಗ್‌ಗೆ ಈ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ.