ಅಣಬೆ ಮೇಲೆ ಗೀಗರ್ ಕೌಂಟರ್ ಇಟ್ಟವರಿಗೆ

ಪ್ರಶ್ನೆ: ಆನ್‌ಲೈನ್‌ನಲ್ಲಿ ಗೀಗರ್ ಕೌಂಟರ್ (ವಿಕಿರಣವನ್ನು ಟಿಕ್ ಟಿಕ್ ಎಂದು ಎಣಿಸುವ ಯಂತ್ರ) ತರಿಸಿದೆ. ಖಾಲಿ ಮೇಜಿನ ಮೇಲೆ ನಿಮಿಷಕ್ಕೆ 24 ಟಿಕ್, ತೋಟದ ಅಣಬೆ ಮೇಲೆ 31. ತಿನ್ನಬಹುದೇ? (ಸೋಮವಾರಪೇಟೆ)

ಉತ್ತರ: ಮಳೆಗಾಲಕ್ಕೆ ಅಣಬೆ ಎದ್ದಂತೆ ಈ ಪ್ರಶ್ನೆಯೂ ಏಳುತ್ತದೆ. ಒಂದು ನಿಮಿಷ ಎಣಿಸಿ ತೀರ್ಪು ಕೊಡಬೇಡಿ ಮಾರಾಯರೇ. ಯಾವ ಎಣಿಕೆಯೂ ಅದರ ವರ್ಗಮೂಲದಷ್ಟು ಆಚೀಚೆ ಆಗುತ್ತದೆ. 24ಕ್ಕೆ ಸುಮಾರು 5, 31ಕ್ಕೆ ಸುಮಾರು 6. ಎರಡೂ ಆಚೀಚೆ ಆಗುವಾಗ ನಿಮ್ಮ 7ರ ವ್ಯತ್ಯಾಸ ಬರೀ ಏರಿಳಿತ ಇರಬಹುದು.

ಖಾಲಿ ಮೇಜು 30 ನಿಮಿಷ, ಅಣಬೆ 30 ನಿಮಿಷ, ಮತ್ತೆ ಖಾಲಿ ಮೇಜು 30 ನಿಮಿಷ ಎಣಿಸಿ. ಎರಡನೇ ಸಲದ ಖಾಲಿ ಎಣಿಕೆ ಯಾಕೆಂದರೆ, ಮಳೆ ಗಾಳಿಯಲ್ಲಿರುವ ರೇಡಾನ್‌ನ ಸಂತತಿಯನ್ನು (ಆ ವಿಕಿರಣಶೀಲ ಅನಿಲ ಕ್ಷಯಿಸಿ ಹುಟ್ಟುವ ಕಣಗಳನ್ನು) ನೆಲಕ್ಕೆ ತೊಳೆದು ತರುತ್ತದೆ. ಜಡಿಮಳೆ ಬಂದಾಗ ಹಿನ್ನೆಲೆ ವಿಕಿರಣವೇ (ಸುತ್ತಲೂ ಸದಾ ಇರುವಂಥದ್ದು) ಏರಿ, ಮಳೆ ನಿಂತ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಕಕ್ಕಡ ತಿಂಗಳಲ್ಲಿ ಮಳೆ ನಿಂತರೆ ತಾನೇ! ಗ್ರಾನೈಟ್ ಕಟ್ಟೆ ಬೇಡ, ಕಲ್ಲಿನಲ್ಲೂ ವಿಕಿರಣ ಇರುತ್ತದೆ; ಮರದ ಮೇಜು ಇರಲಿ. ಗೊಬ್ಬರದ ಗೋದಾಮಂತೂ ಬೇಡವೇ ಬೇಡ. 50 ಕೆಜಿ ಪೊಟ್ಯಾಷ್ ಮೂಟೆಯಲ್ಲಿ ಸುಮಾರು 25 ಕೆಜಿ ಪೊಟ್ಯಾಸಿಯಂ ಇರುತ್ತದೆ, ಅದು ಸಹಜವಾಗಿಯೇ ಸ್ವಲ್ಪ ವಿಕಿರಣಶೀಲ: ಗ್ರಾಂಗೆ 31 ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕೆರೆಲ್). ಅದರ ಪಕ್ಕ ಅಳೆದರೆ ಮೂಟೆಯನ್ನೇ ಅಳೆದಂತೆ.

ಇಷ್ಟೆಲ್ಲ ಮಾಡಿದರೂ ಟಿಕ್ ಯಾವುದರದೆಂದು ಆ ಯಂತ್ರ ಹೇಳದು. ಅಣಬೆಯಲ್ಲೂ ಪೊಟ್ಯಾಸಿಯಂ ಇದೆ. ಅಣುಸ್ಫೋಟ, ಅಣುಸ್ಥಾವರದ ಅಪಘಾತಗಳಿಂದ ಹರಡುವ ಸೀಸಿಯಂ-137 ಬೇರ್ಪಡಿಸಲು ಸೀಸದ ಕವಚದೊಳಗಿನ ಗಾಮಾ ಸ್ಪೆಕ್ಟ್ರೋಮೀಟರ್ (ಗಾಮಾ ಕಿರಣದ ಶಕ್ತಿ ಅಳೆಯುವ ಯಂತ್ರ) ಇರುವ ಪ್ರಯೋಗಾಲಯ ಬೇಕು: ಸೀಸಿಯಂ 662 ಕೆಇವಿಯಲ್ಲಿ (ಕಿರಣದ ಶಕ್ತಿಯ ಅಳತೆ), ಪೊಟ್ಯಾಸಿಯಂನ ವಿಕಿರಣಶೀಲ ರೂಪ ಪೊಟ್ಯಾಸಿಯಂ-40 1461ರಲ್ಲಿ ಕಾಣುತ್ತದೆ. ಮಾದರಿ ಕೊಡುವಾಗ ಬುಡದ ಮಣ್ಣು ಪೂರ್ತಿ ತೊಳೆಯಿರಿ, ಇಲ್ಲದಿದ್ದರೆ ಮಣ್ಣಿನ ವಿಕಿರಣಶೀಲ ಥೋರಿಯಂ ಅಣಬೆ ಲೆಕ್ಕಕ್ಕೆ ಸೇರುತ್ತದೆ. ಒಣಗಿಸುವ ಮೊದಲು ಮತ್ತು ನಂತರದ ತೂಕ ಎರಡನ್ನೂ ಬರೆದಿಡಿ. ಅಣಬೆಯಲ್ಲಿ ಸುಮಾರು 90% ನೀರು. ಹಸಿ ತೂಕದಲ್ಲಿ ಕೆಜಿಗೆ 20 ಬೆಕೆರೆಲ್ ಇದ್ದದ್ದು ಒಣ ತೂಕದಲ್ಲಿ 200 ಆಗುತ್ತದೆ. ವಾಟ್ಸ್‌ಆ್ಯಪ್ ಗಾಬರಿಗೆ ಅಷ್ಟೇ ಸಾಕು.

ಆರೋಗ್ಯದ ಲೆಕ್ಕ: ಕೆಜಿಗೆ 100 ಬೆಕೆರೆಲ್ ಸೀಸಿಯಂ ಇರುವ ಅಣಬೆಯನ್ನು ದೊಡ್ಡವರು ವರ್ಷಕ್ಕೆ 5 ಕೆಜಿ ತಿಂದರೂ ದೇಹಕ್ಕೆ ತಗಲುವ ವಿಕಿರಣದ ಪ್ರಮಾಣ (ಡೋಸ್) 0.01 ಮಿಲಿಸೀವರ್ಟ್‌ಗಿಂತ ಕಡಿಮೆ. ನಿಸರ್ಗದಿಂದಲೇ ಎಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಗುರುತು ಸಿಗದ ಅಣಬೆಯನ್ನು ಮಾತ್ರ ಬಿಸಾಡಿ. ಕೊಲ್ಲುವುದು ಅದರ ವಿಷ, ಕೆಲವು ಜಾತಿಯ ವಿಷ ಬೇಯಿಸಿದರೂ ಹೋಗದು.

ಪ್ರಶ್ನೆ: ಬಾಳೆಹಣ್ಣು ತಿಂದರೆ ದೇಹದಲ್ಲಿ ವಿಕಿರಣ ಸೇರುತ್ತಾ ಹೋಗುತ್ತದೆಯೇ?

ಉತ್ತರ: ಇಲ್ಲ. ಬಾಳೆಯ ವಿಕಿರಣ ಅದರ ಪೊಟ್ಯಾಸಿಯಂನದು; ಹೆಚ್ಚಾದ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ.

ಪ್ರಶ್ನೆ: ಗಾಮಾ ಕಿರಣ ಹಾಯಿಸಿದ ಮೆಣಸು ವಿಕಿರಣಶೀಲವೇ?

ಉತ್ತರ: ಅಲ್ಲ. ಟಾರ್ಚ್ ಹಾಕಿದ ಗೋಡೆ ಟಾರ್ಚ್ ಆಗುತ್ತದೆಯೇ?

ಪ್ರಶ್ನೆ: ವಿಕಿರಣ ತೆಗೆಯುವ ಪುಡಿ, ಅಯೋಡಿನ್ ಮಾತ್ರೆ ಮುಂಜಾಗ್ರತೆಗೆ ತಗೊಳ್ಳಲೇ?

ಉತ್ತರ: ಪುಡಿ ಮಾರುವವನನ್ನು ಗೇಟಿನಾಚೆಗೇ ಕಳಿಸಿ. ಅಯೋಡಿನ್ ಮಾತ್ರೆ ವಿಕಿರಣಶೀಲ ಅಯೋಡಿನ್‌ನಿಂದ ಥೈರಾಯ್ಡ್ ಗ್ರಂಥಿಯನ್ನಷ್ಟೇ ಕಾಯುತ್ತದೆ, ಸೀಸಿಯಂಗೆ ಏನೂ ಮಾಡದು. ಸುಮ್ಮನೆ ನುಂಗಿದರೆ ಥೈರಾಯ್ಡ್ ಕೆಡಬಹುದು. ಪತ್ರದ ಕೊನೆಗೆ ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತೇನೆ ಎಂದಿದ್ದೀರಿ. ತಂಬಾಕಿನಲ್ಲಿ ವಿಕಿರಣಶೀಲ ಪೊಲೋನಿಯಂ-210 ಇದೆ. ಮೊದಲು ಅದನ್ನು ಬಿಡಿ.