ಮಗನ ಸಿಟ್ಟು ಅಪ್ಪನ ಕಡೆಯಿಂದ ಬಂದಿದ್ದಾ? ಜೀನ್ ಟೆಸ್ಟ್ ಮಾಡಿಸಬೇಕಾ?

ನಾಲ್ಕು ವರ್ಷದ ಮಗ ಹೊಡೆಯುತ್ತಾನೆ, ಕಚ್ಚುತ್ತಾನೆ, ಸಿಟ್ಟಿನ ಜೀನ್ ಅನ್ನೋ ಎಂಎಒಎ ಟೆಸ್ಟ್ ಮಾಡಿಸಲಾ ಅಂತ ಬರೆದಿದ್ದೀರಿ. ನನಗೆ ಗಾಬರಿಯಾಗಿದ್ದು ಅದಕ್ಕಲ್ಲ, "ಅವರಪ್ಪನ ಕಡೆಯವರೆಲ್ಲ ಹೀಗೇ" ಅನ್ನೋ ಸಾಲಿಗೆ. ನಾನೂ ಅದನ್ನೇ ಹೇಳಿಕೊಂಡು ತಿರುಗಿದವಳು.

ನಮ್ಮ ಮಾವನಿಗೆ ಮೂಗಿನ ತುದಿಯಲ್ಲೇ ಕೋಪ. ಮಗ ಮೊದಲ ಸಲ ಅಕ್ಕನ ಜುಟ್ಟು ಹಿಡಿದು ಎಳೆದಾಗ "ಥೇಟ್ ಅಜ್ಜ" ಅಂತ ನಕ್ಕೆವು. ಆಮೇಲೆ ನಗು ನಿಂತಿತು, ಮಾತು ನಿಲ್ಲಲಿಲ್ಲ. ಅವನು ಕಾಲಬುಡದಲ್ಲೇ ಆಟದ ಕಾರು ಓಡಿಸುತ್ತಿದ್ದರೂ ಫೋನಲ್ಲಿ ಅಮ್ಮನಿಗೆ, "ಏನು ಮಾಡೋದು, ರಕ್ತದಲ್ಲೇ ಬಂದಿದೆ" ಅನ್ನುತ್ತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಆ ಕಡೆಯಿಂದ ಅಮ್ಮನ ಒಗ್ಗರಣೆ. ಒಂದು ದಿನ ಶಾಲೆಯಿಂದ ಫೋನ್ ಬಂತು. ಪಕ್ಕದ ಹುಡುಗನ ಕೈ ಕಚ್ಚಿದ್ದ. ಯಾಕೋ ಅಂತ ಟೀಚರ್ ಕೇಳಿದ್ದಕ್ಕೆ, "ನಾನು ಅಜ್ಜನ ಥರ ಮಿಸ್, ರಕ್ತದಲ್ಲಿ ಬಂದಿದೆ" ಅಂದನಂತೆ. ಜ್ವರ ಬಂದಿದೆ ಅನ್ನೋ ಧಾಟಿಯಲ್ಲಿ.

ಅವನ ಎದುರು ಆಡಿದ್ದು ತಪ್ಪು, ಸರಿ. ಅದನ್ನು ನಾನೇ ನಂಬಿದ್ದು ಇನ್ನೂ ದೊಡ್ಡ ತಪ್ಪು. ಹುಟ್ಟಿನಿಂದ ಬಂದಿದ್ದು ಅಂದಮೇಲೆ ತಿದ್ದೋದೇನಿದೆ ಅಂತ ಕೈಬಿಟ್ಟೆ. ಟಿವಿ ಆಫ್ ಮಾಡು ಅಂತಿದ್ದೆ. ಕಿರುಚೋನು. ರಿಮೋಟ್ ಎಸೆಯೋನು. "ಹಾಳಾಗಲಿ, ನೋಡ್ಕೋ" ಅಂತ ಬಿಡುತ್ತಿದ್ದೆ. ಅವನಿಗೆ ಟಿವಿ ಸಿಕ್ಕಿತು, ನನಗೆ ಗಲಾಟೆ ತಪ್ಪಿತು. ಮಾರನೇ ದಿನ ಇನ್ನೂ ಜೋರು. ನನ್ನ ತಾಳ್ಮೆ ಕೆಟ್ಟ ದಿನ ಬೆನ್ನಿಗೆ ಎರಡು ಬೀಳುತ್ತಿತ್ತು. ಅಂದರೆ ಕಿರುಚಿದರೆ ಕೆಲಸ ಆಗುತ್ತೆ, ದೊಡ್ಡವರಾದರೆ ಹೊಡೆಯಬಹುದು ಅಂತ ದಿನಾ ಪಾಠ ಹೇಳಿಕೊಟ್ಟವಳು ನಾನೇ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಒರೆಗಾನ್‌ನಲ್ಲಿ ಇಂಥ ಕುಟುಂಬಗಳನ್ನು ಅವರವರ ಮನೆಯಲ್ಲೇ ಗಮನಿಸಿ ಈ ಸುಳಿಯ ಬಗ್ಗೆ ಬರೆದಿದ್ದಾರೆ. ಓದುವಾಗ ನಮ್ಮ ಹಾಲ್‌ನಲ್ಲಿ ಕೂತು ಬರೆದಂತಿತ್ತು.

ಜೀನ್‌ಗೆ ಪಾತ್ರವೇ ಇಲ್ಲ ಅಂತ ಹೇಳುತ್ತಿಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ, ಆಕ್ರಮಣಶೀಲತೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಜೀನ್‌ಗಳ ಕಾರಣ ಇದೆ. ಇದು ಜನಸಮೂಹದ ಲೆಕ್ಕ. ನಿಮ್ಮ ಮಗನ ಸಿಟ್ಟಲ್ಲಿ ಅರ್ಧ ಅಪ್ಪನದು ಅಂತ ಅರ್ಥ ಅಲ್ಲ. ಅದೂ ಒಂದು ಜೀನ್ ಅಲ್ಲ, ನೂರಾರು, ಒಂದೊಂದರದ್ದು ಚೂರುಪಾರು.

ನೀವು ಕೇಳಿದ ಎಂಎಒಎ ಇದೆಯಲ್ಲ, ಮಿದುಳಿನ ಕೆಲವು ರಾಸಾಯನಿಕಗಳನ್ನು ಒಡೆಯುವ ಕಿಣ್ವದ ಜೀನ್, ಅದು ಇರೋದು ಎಕ್ಸ್ ಕ್ರೋಮೋಸೋಮ್ ಮೇಲೆ. ಗಂಡುಮಗುವಿಗೆ ಎಕ್ಸ್ ಬರೋದು ತಾಯಿಯಿಂದ. ಹಾಗಾಗಿ ಅದನ್ನು ಹಿಡಿದು ಗಂಡನ ಮನೆಯವರನ್ನು ಬೈಯೋ ಹಾಗಿಲ್ಲ! 1993ರಲ್ಲಿ ತಳಿವಿಜ್ಞಾನಿ ಹಾನ್ ಬ್ರನ್ನರ್ ತಂಡ ನೆದರ್ಲೆಂಡ್ಸ್‌ನ ಒಂದು ಕುಟುಂಬದಲ್ಲಿ ಕಂಡಿದ್ದು ಈ ಜೀನ್ ಪೂರ್ತಿ ಕೆಟ್ಟು, ಸಿಟ್ಟಿನಲ್ಲಿ ಹಿಂಸೆಗಿಳಿಯುತ್ತಿದ್ದ ಗಂಡಸರನ್ನು. ಅದು ತೀರಾ ಅಪರೂಪ. ಇದೇ ಜೀನ್ ಸ್ವಲ್ಪ ನಿಧಾನ ಕೆಲಸ ಮಾಡುವವರು ಎಷ್ಟೋ ಜನ ಇದ್ದಾರೆ. 2002ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನ ಅಧ್ಯಯನದಲ್ಲಿ ಅಂಥ ಹುಡುಗರಲ್ಲಿ ಮುಂದೆ ಹಿಂಸೆ, ಪುಂಡಾಟಿಕೆಯಲ್ಲಿ ಎದ್ದು ಕಂಡವರು ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರು. ಆಮೇಲಿನ ಅಧ್ಯಯನಗಳಲ್ಲೂ ಎಲ್ಲ ಕಡೆ ಅದೇ ಫಲಿತಾಂಶ ಬಂದಿಲ್ಲ. ಟೆಸ್ಟ್ ಮಾಡಿಸಿ ಏನು ಮಾಡುತ್ತೀರಿ? ಏನೇ ಬಂದರೂ ಮನೆಯಲ್ಲಿ ಮಾಡಬೇಕಾದ್ದು ಒಂದೇ. ಬೇಡ ಬಿಡಿ.

ಇನ್ನೊಂದು ಮಾತು. ಕೆನಡಾದ ಸಂಶೋಧಕ ರಿಚರ್ಡ್ ಟ್ರೆಂಬ್ಲೆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಹೇಳಿದ್ದು, ಮನುಷ್ಯ ಅತಿ ಜಾಸ್ತಿ ಹೊಡೆಯೋದು ಎರಡು ಮೂರನೇ ವಯಸ್ಸಲ್ಲಿ ಅಂತ. ಮಕ್ಕಳು ಹೊಡೆಯೋದನ್ನು ಕಲಿಯಲ್ಲ, ಹೊಡೆಯದೇ ಇರೋದನ್ನು ಕಲೀತಾರೆ. ನಿಮ್ಮ ಮಗ ಇನ್ನೂ ಕಲಿಯುತ್ತಿದ್ದಾನೆ ಅಷ್ಟೇ.

ನಮ್ಮಲ್ಲಿ ಫಲ ಕೊಟ್ಟಿದ್ದು ಸಪ್ಪೆ ವಿಷಯಗಳು. ಕಿರುಚಿ ಕೇಳಿದ್ದು ಏನೇ ಆದರೂ ಕೊಡಲಿಲ್ಲ. ಮೊದಮೊದಲು ಕಿರುಚಾಟ ಇನ್ನೂ ಹೆಚ್ಚಾಯಿತು, ಅಲ್ಲಿ ಸೋಲಬೇಡಿ. ಮೆತ್ತಗೆ ಕೇಳಿದಾಗ ತಕ್ಷಣ "ಎಷ್ಟು ಚೆನ್ನಾಗಿ ಕೇಳಿದೆ" ಅಂತ ಹೇಳಿದೆ. ಹೊಡೆತ ಪೂರ್ತಿ ನಿಲ್ಲಿಸಿದೆ. ನಿಮ್ಮ ಗಂಡ ಕೋಪ ಬಂದಾಗ ಬಾಗಿಲು ಬಡಿಯುತ್ತಾರಾ? ಹಾಗಾದರೆ ಮಗ ಜೀನ್ ಜೊತೆ ಅದನ್ನೂ ಪಡೆಯುತ್ತಿದ್ದಾನೆ, ಅದನ್ನಾದರೂ ನಿಲ್ಲಿಸಬಹುದಲ್ವಾ?

ಟೆಸ್ಟಿನ ದುಡ್ಡನ್ನು ಮಕ್ಕಳ ಮನಶ್ಶಾಸ್ತ್ರಜ್ಞರಿಗೆ ಇಡಿ, ಗಂಡ ಹೆಂಡತಿ ಇಬ್ಬರೂ ಹೋಗಿ. ಮಗನನ್ನು ಒಳಗೆ ಕಳಿಸಿ ನೀವು ಹೊರಗೆ ಮೊಬೈಲ್ ನೋಡುತ್ತಾ ಕೂರಬೇಡಿ. ಈ ವಯಸ್ಸಿನಲ್ಲಿ ತರಬೇತಿ ಕೊಡೋದು ಮುಖ್ಯವಾಗಿ ಅಪ್ಪ ಅಮ್ಮನಿಗೇ.