ವೀಡರ್ ಕುಣಿಯುತ್ತದೆ ಎಂದು ದೂರುವವರಿಗೆ

ಯುಗಾದಿ ಕಳೆದು ಎರಡು ಹದ ಮಳೆ ಬಿದ್ದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಒಂದೇ ರಾಗ ಹಾಡತೊಡಗುತ್ತವೆ. ಊರು ಬೇರೆ, ಕೈಬರಹ ಬೇರೆ, ಪ್ರಶ್ನೆ ಅದೇ: ವೀಡರ್ ಯಂತ್ರ ನೆಲಕ್ಕೆ ಇಳಿಯದೆ ಕುಣಿಯುತ್ತದೆ, ಏನು ಮಾಡಲಿ? ಹೋದ ವರ್ಷ ಉತ್ತರಿಸಿದ್ದೆ, ಅದರ ಹಿಂದಿನ ವರ್ಷವೂ ಉತ್ತರಿಸಿದ್ದೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ. ಎಂಜಿನ್ನಿಗೊಂದು ಆಯಿಲ್, ಗೇರ್ ಬಾಕ್ಸಿಗೆ ಇನ್ನೊಂದು ಆಯಿಲ್ ಎಂಬಂಥ ಸಂಗತಿಗಳನ್ನು ಇಲ್ಲಿ ಹೇಳುವುದಿಲ್ಲ. ಯಂತ್ರದ ಜೊತೆ ಬಂದ ಪುಸ್ತಕವನ್ನೇ ತೆರೆಯದವರು ಈ ಅಂಕಣವನ್ನೂ ಓದುವುದಿಲ್ಲ.

"ಮನೆಯ ಹಿಂದೆ ಎಂಟು ಗುಂಟೆ ಕೆಮ್ಮಣ್ಣಿನ ಜಾಗ ನಾಲ್ಕು ವರ್ಷದಿಂದ ಬೀಳು ಬಿದ್ದಿದೆ. ತರಕಾರಿ, ಅವರೆ ಹಾಕಲೆಂದು 7 ಎಚ್‌ಪಿ ಪೆಟ್ರೋಲ್ ವೀಡರ್ ಕೊಂಡೆ. ನೆಲಕ್ಕೆ ಇಳಿಯುವುದೇ ಇಲ್ಲ, ಕುಣಿಯುತ್ತಾ ಮುಂದಕ್ಕೆ ಓಡುತ್ತದೆ. ಹೆಗಲು ಬಿದ್ದುಹೋಗಿದೆ. ಅಂಗಡಿಯವರು 9 ಎಚ್‌ಪಿ ಡೀಸೆಲ್ ಯಂತ್ರಕ್ಕೆ ಬದಲಾಯಿಸಿಕೊಳ್ಳಿ ಎನ್ನುತ್ತಾರೆ. ಏನು ಮಾಡಲಿ?" (ತುರುವೇಕೆರೆ ಕಡೆಯ ಓದುಗರು)

ಬದಲಾಯಿಸಬೇಡಿ. 9 ಎಚ್‌ಪಿ ಯಂತ್ರ ಇನ್ನೂ ಜೋರಾಗಿ ಕುಣಿಯುತ್ತದೆ, ನಿಮ್ಮ ಹೆಗಲು ಇನ್ನೂ ಬೇಗ ಬೀಳುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಯಂತ್ರ ಚೆನ್ನಾಗಿಯೇ ಕುಣಿಯುತ್ತಿದೆ, ದೂರು ಮಾತ್ರ ಎಂಜಿನ್ನಿನ ಮೇಲೆ.

ಮೊದಲು ಒಂದು ವಿಷಯ ತಲೆಗೆ ಹೋಗಬೇಕು. ವೀಡರ್ ಎಂದರೆ ಕಳೆ ತೆಗೆಯುವ ಯಂತ್ರ, ನೇಗಿಲಲ್ಲ. ನೇಗಿಲಿಗೆ ಮೊನೆ ಇದೆ. ಎತ್ತು ಎಳೆದಷ್ಟೂ ಅದು ಒಳಕ್ಕೆ ಇಳಿಯುತ್ತದೆ. ಮುಂದಿನ ಅಚ್ಚಿಗೇ ಬ್ಲೇಡ್ ಕೂಡಿಸಿದ ನಿಮ್ಮಂಥ ವೀಡರಿನಲ್ಲಿ ಬ್ಲೇಡೇ ಚಕ್ರ. ನೆಲ ಮೆತ್ತಗಿದ್ದರೆ ಅದು ಅಗೆಯುತ್ತದೆ. ನೆಲ ಗಟ್ಟಿಯಿದ್ದರೆ ಅದೇ ಬ್ಲೇಡು ಕಾಲಾಗಿ ಯಂತ್ರವನ್ನು ಹೊತ್ತುಕೊಂಡು ಓಡುತ್ತದೆ. ಎಂಜಿನ್ನಿಗೆ ಶಕ್ತಿ ಹೆಚ್ಚಿದಷ್ಟೂ ಓಟ ಹೆಚ್ಚುತ್ತದೆ. ಅಂಗಡಿಯವರಿಗೆ ಇದು ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ.

ಈಗ ಯಂತ್ರ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು, ಬಗ್ಗಿ ಬ್ಲೇಡ್ ನೋಡಿ. ನನ್ನ ಬಳಿ ದುರಸ್ತಿಗೆ ಬರುವ "ಇಳಿಯದ" ಯಂತ್ರಗಳಲ್ಲಿ ಎಷ್ಟೋ ಯಂತ್ರಗಳಿಗೆ ಎಡಗಡೆಯ ಬ್ಲೇಡ್ ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿರುತ್ತದೆ. ಯಂತ್ರ ಮುಂದೆ ಸಾಗುವಾಗ ಬಾಗಿದ ಬ್ಲೇಡಿನ ಹರಿತ ಅಂಚು ಮೊದಲು ಮಣ್ಣಿಗೆ ತಾಗಬೇಕು. ತಿರುವುಮುರುವಾದರೆ ಬೆನ್ನು ತಾಗುತ್ತದೆ. ಕುಡುಗೋಲಿನ ಬೆನ್ನಿನಲ್ಲಿ ರಾಗಿ ಕೊಯ್ದರೆ ಎಷ್ಟು ಕೊಯ್ಯಬಹುದೋ ಅಷ್ಟೇ ಕೆಲಸ. ಹುಲ್ಲು ಬಿಡಿಸಲು ಬ್ಲೇಡ್ ಕಳಚಿ ಮತ್ತೆ ಹಾಕುವಾಗ ಈ ಎಡವಟ್ಟು ಆಗುತ್ತದೆ. ಎಡಬಲಗಳ ಮೇಲೆ ಬಣ್ಣದಲ್ಲಿ ಒಂದು ಗುರುತು ಹಾಕಿಕೊಳ್ಳಿ.

ಆಮೇಲೆ ಯಂತ್ರದ ಹಿಂಬದಿಗೆ ಬನ್ನಿ. ಅಲ್ಲಿ ನೆಲಕ್ಕೆ ಊರುವ ಒಂದು ಕಬ್ಬಿಣದ ಕೋಲು ಇರಬೇಕು, ಮೇಲೆ ಕೆಳಗೆ ಸರಿಸಲು ತೂತುಗಳಿರುತ್ತವೆ. "ಅದು ಅಡ್ಡ ಬರುತ್ತದೆ ಅಂತ ಬಿಚ್ಚಿಟ್ಟಿದ್ದೇವೆ" ಎನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅಡ್ಡ ಬರುವುದೇ ಅದರ ಕೆಲಸ. ಕೋಲು ನೆಲ ಹಿಡಿದು ಯಂತ್ರವನ್ನು ತಡೆಯುತ್ತದೆ. ಮುಂದೆ ಓಡಲಾಗದ ಬ್ಲೇಡು ಇದ್ದಲ್ಲೇ ಅಗೆಯುತ್ತದೆ. ಕೋಲನ್ನು ಆಳಕ್ಕೆ ಇಳಿಸಿದರೆ ಓಟ ಕಡಿಮೆ, ಅಗೆತ ಹೆಚ್ಚು. ಯಂತ್ರ ನಿಂತಲ್ಲೇ ಗುಂಡಿ ತೋಡಿದರೆ ಒಂದು ತೂತು ಮೇಲೆ ಸರಿಸಿ. ಹಿಡಿಯನ್ನು ಸ್ವಲ್ಪ ಕೆಳಗೆ ಒತ್ತಿದರೆ ಕೋಲು ಊರುತ್ತದೆ, ಒತ್ತಡ ಬಿಟ್ಟರೆ ಯಂತ್ರ ಮುಂದೆ ಸಾಗುತ್ತದೆ. ಹೆಗಲಿನಿಂದ ಎಳೆದು ನಿಲ್ಲಿಸಲು ಹೋಗಿದ್ದಕ್ಕೇ ನಿಮ್ಮ ಹೆಗಲು ಬಿದ್ದಿರುವುದು.

ಇಷ್ಟು ಸರಿಮಾಡಿದರೂ ನೆಲ ಹದಕ್ಕೆ ಬಂದಿರದಿದ್ದರೆ ಎಲ್ಲ ವ್ಯರ್ಥ. ನಮ್ಮ ಅಜ್ಜಂದಿರು ಎತ್ತು ಕಟ್ಟುವ ಮೊದಲು ಹೊಲಕ್ಕೆ ಹೋಗಿ ಮಣ್ಣು ಹಿಂಡಿ ನೋಡುತ್ತಿದ್ದರು. ಯಂತ್ರ ಬಂದಮೇಲೆ ನಾವು ನೋಡುವುದು ಭಾನುವಾರ ಬಂತೇ ಎಂದು. ಮಂಗಳವಾರ ಹದ ಬಂದು ಶುಕ್ರವಾರ ಹೋಗಿಬಿಟ್ಟರೆ ಭಾನುವಾರ ನೀವು ಕಲ್ಲಿನ ಮೇಲೆ ಯಂತ್ರ ಓಡಿಸುತ್ತೀರಿ.

ನೋಡುವ ಕ್ರಮ ಇಷ್ಟೇ. ಮೇಲಿನ ಒಣಪದರ ಸರಿಸಿ, ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆಯಿರಿ. ಮುಷ್ಟಿಯಲ್ಲಿ ಹಿಂಡಿ ಉಂಡೆ ಮಾಡಿ. ಉಂಡೆಯೇ ಆಗದಿದ್ದರೆ ಒಣಗಿದೆ. ಉಂಡೆಯಾದರೆ ಸೊಂಟದ ಎತ್ತರದಿಂದ ಬಿಡಿ. ಬಿದ್ದು ಪುಡಿಪುಡಿಯಾಗಿ ಒಡೆದರೆ ಹದ. ಚಪ್ಪಟೆಯಾಗಿ ಹಾಗೇ ಕುಳಿತರೆ, ಬೆರಳಿಗೆ ಅಂಟಿದರೆ, ಯಂತ್ರವನ್ನು ಒಳಗೆ ಇಟ್ಟು ಚಹಾ ಕುಡಿಯಿರಿ. ಒಳ್ಳೆಯ ಮಳೆ ಬಿದ್ದು ಬಿಸಿಲು ಕಾಯ್ದರೆ ನಿಮ್ಮ ಕೆಮ್ಮಣ್ಣು ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಹದಕ್ಕೆ ಬರುತ್ತದೆ. ಎರೆಮಣ್ಣು ಇನ್ನೂ ಕಾಯಿಸುತ್ತದೆ, ಬಂದ ಹದವನ್ನೂ ಬೇಗ ಕಳೆದುಕೊಳ್ಳುತ್ತದೆ. ಮಳೆ ಇಲ್ಲದಿದ್ದರೆ ನೀರು ಹಾಯಿಸಿ, ಅಷ್ಟೇ ದಿನ ಕಾಯಿರಿ. ಬೆಳಿಗ್ಗೆ ನೀರು ಬಿಟ್ಟು ಸಂಜೆ ಉಳುವ ಜಾಣರಿಗೆ ಒಂದು ಮಾತು: ಹಸಿ ಮಣ್ಣಿನಲ್ಲಿ ಬ್ಲೇಡು ಸಲೀಸಾಗಿ ತಿರುಗುತ್ತದೆ, ನೋಡಲು ಚೆಂದ. ಒಣಗಿದ ಮೇಲೆ ಇಟ್ಟಿಗೆಯಂಥ ಹೆಂಟೆ ಏಳುತ್ತದೆ, ಬ್ಲೇಡು ಸವರಿದ ಆಳದಲ್ಲಿ ಗಾರೆ ಬಳಿದಂಥ ಪದರ ಉಳಿಯುತ್ತದೆ. ಅವರೆಯ ಬೇರು ಅಲ್ಲಿಗೆ ಬಂದು ಅಡ್ಡ ತಿರುಗುತ್ತದೆ.

ಹದ ಬಂತು ಅನ್ನೋಣ. ಮೊದಲು ಹುಲ್ಲನ್ನು ನೆಲಮಟ್ಟಕ್ಕೆ ಕೊಚ್ಚಿ ಹೊರಗೆ ಹಾಕಿ. ಉದ್ದ ಹುಲ್ಲು ಅಚ್ಚಿಗೆ ಸುತ್ತಿಕೊಂಡು ಆಯಿಲ್ ಸೀಲನ್ನು ತಿನ್ನುತ್ತದೆ. ಸೀಲ್ ಹೋದರೆ ಗೇರ್ ಆಯಿಲ್ ಸೋರುತ್ತದೆ, ಆಯಿಲ್ ಸೋರಿದರೆ ನೀವು ನನ್ನ ಬಳಿ ಬರುತ್ತೀರಿ. ಮೊದಲ ಸುತ್ತಿನಲ್ಲಿ ಎರಡು ಇಂಚಿಗಿಂತ ಆಳ ಕೇಳಬೇಡಿ. ಮೊದಲ ಗೇರ್, ಆಕ್ಸಿಲರೇಟರ್ ಅರ್ಧಕ್ಕಿಂತ ಚೂರು ಮೇಲೆ. ಎರಡನೇ ಸುತ್ತು ಅಡ್ಡಡ್ಡ, ಕೋಲನ್ನು ಒಂದು ತೂತು ಕೆಳಗಿಳಿಸಿ, ನಾಲ್ಕು ಇಂಚು. ತರಕಾರಿಗೆ ಅಷ್ಟು ಸಾಕು. ಮೂಲಂಗಿ, ಗೆಣಸಿಗೆ ಇನ್ನೂ ಆಳ ಬೇಕೆಂದರೆ ಆ ಎರಡು ಮಡಿಗೆ ಗುದ್ದಲಿ ಹಿಡಿಯಿರಿ, ಸಾಯುವುದಿಲ್ಲ.

ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ, ಆಮೇಲೆ ಯಂತ್ರವನ್ನು ಬೈಯುತ್ತಾರೆ. ಗುಂಟೆಗೆ 1,089 ಚದರಡಿಯಂತೆ ಎಂಟು ಗುಂಟೆಗೆ 8,712. ಯಂತ್ರ ಎರಡಡಿ ಅಗಲ ಅಗೆದರೆ ನೀವು ನಡೆಯಬೇಕಾದದ್ದು 4,356 ಅಡಿ, ಅಂದರೆ ಸುಮಾರು 1.3 ಕಿಲೋಮೀಟರ್. ಅಗೆಯುತ್ತಾ ಗಂಟೆಗೆ ಒಂದು ಕಿಲೋಮೀಟರಿಗಿಂತ ಹೆಚ್ಚು ಹೋಗಲಾಗುವುದಿಲ್ಲ, ಹೋಗಬಾರದು. ಎರಡು ಸುತ್ತಿಗೆ ಎರಡೂವರೆ ಗಂಟೆ ದಾಟುತ್ತದೆ. ತಿರುಗಿಸುವುದು, ಹುಲ್ಲು ಬಿಡಿಸುವುದು, ಬೆವರು ಒರೆಸಿಕೊಳ್ಳುವುದು ಸೇರಿದರೆ ಅರ್ಧ ದಿನ. "ಒಂದು ಗಂಟೆಯಲ್ಲಿ ಒಂದು ಎಕರೆ" ಎಂದು ಮೊಬೈಲಿನಲ್ಲಿ ವಿಡಿಯೊ ತೋರಿಸುವವನು ಮೊದಲೇ ಉತ್ತು ಬಿಟ್ಟ ಹೊಲದಲ್ಲಿ ಓಡಿಸುತ್ತಿರುತ್ತಾನೆ. ಅವನ ಕಾಲು ಎಷ್ಟು ಹೂತಿದೆ ನೋಡಿ, ಗೊತ್ತಾಗುತ್ತದೆ.

ಇನ್ನು ನಿಮ್ಮದು ನಾಲ್ಕು ವರ್ಷ ಬೀಳು ಬಿದ್ದ ನೆಲ. ಅದನ್ನು ಮೊದಲ ಸಲ ಒಡೆಯುವುದು ವೀಡರಿನ ಕೆಲಸವೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಊರಿನಲ್ಲಿ ಎತ್ತು ಇದ್ದವರು ಉಳಿದಿದ್ದರೆ ಎರಡು ಸಾಲು ಹೊಡೆಸಿ. ಇಲ್ಲವೇ ಪವರ್ ಟಿಲ್ಲರ್ ಬಾಡಿಗೆಗೆ ಕರೆಯಿರಿ. ನಾಲ್ಕು ಕ್ವಿಂಟಲ್ ಆಸುಪಾಸಿನ ಅದರ ತೂಕವೇ ಅರ್ಧ ಕೆಲಸ ಮಾಡುತ್ತದೆ, ಅದಕ್ಕೆ ಚಕ್ರ ಬೇರೆ, ಬ್ಲೇಡ್ ಬೇರೆ. 2014-15ರಲ್ಲಿ ರಾಜ್ಯದಲ್ಲಿ ಶುರುವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ ವಿಚಾರಿಸಿ. ದೊಡ್ಡ ಟ್ರ್ಯಾಕ್ಟರ್ ಬೇಡ. ನಿಮ್ಮ ಜಾಗ 66 ಅಡಿಗೆ 132 ಅಡಿ ಅಂದುಕೊಂಡರೂ ಎರಡು ತುದಿಯಲ್ಲಿ ತಿರುಗಲು ಅದಕ್ಕೆ ಹನ್ನೆರಡು ಹನ್ನೆರಡು ಅಡಿ ಬೇಕು. ಆ ಜಾಗವೆಲ್ಲ ತುಳಿದು ತುಳಿದು ಕಣದಂತಾಗುತ್ತದೆ, ಜೊತೆಗೆ ಬದುವೊಂದು ಹಾಳಾಗುತ್ತದೆ. ಮೊದಲ ಸಲ ಒಡೆದ ಮೇಲೆ ಮುಂದಿನ ವರ್ಷಗಳಿಗೆ ನಿಮ್ಮ 7 ಎಚ್‌ಪಿ ಧಾರಾಳ.

ಕಡೆಯದಾಗಿ, ಮಣ್ಣು ಗೋಧಿಹಿಟ್ಟಿನಂತಾಗುವವರೆಗೆ ನಾಲ್ಕೈದು ಸಲ ಓಡಿಸುವ ಚಾಳಿ. ಕಣ್ಣಿಗೆ ಹಬ್ಬ, ಮಣ್ಣಿಗೆ ತಿಥಿ. ಕೆಮ್ಮಣ್ಣಿನ ಹಿಟ್ಟಿನ ಮೇಲೆ ಒಂದು ಜೋರು ಮಳೆ ಬಿದ್ದು ಬಿಸಿಲು ಬಂದರೆ ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ, ಮೊಳಕೆ ಅದರಡಿಯಲ್ಲೇ ಸುರುಟಿಕೊಳ್ಳುತ್ತದೆ. ಕಡಲೆಕಾಯಿ ಗಾತ್ರದ ಹೆಂಟೆ ಉಳಿದರೆ ಒಳ್ಳೆಯದೇ. ಸೊಪ್ಪಿನ ಬೀಜಕ್ಕೆ ನಯ ಬೇಕಾದರೆ ಮೇಲಿನ ಒಂದಿಂಚನ್ನು ಹಲುಬೆಯಲ್ಲಿ ಹರಗಿಕೊಳ್ಳಿ.

"ಕೊನ್ನಾರಿ ಗಡ್ಡೆಯ ಕಾಟ. ವಾರಕ್ಕೊಮ್ಮೆ ವೀಡರ್ ಹೊಡೆದರೂ ಹೆಚ್ಚುತ್ತಿದೆ. ಉಪ್ಪು ಹಾಕಿದರೆ ಹೋಗುತ್ತದಂತೆ, ನಿಜವೇ?" (ಹಾಸನ)

ಉಪ್ಪು ಹಾಕಿದರೆ ಕೊನ್ನಾರಿಯ ಜೊತೆ ನಿಮ್ಮ ಬದನೆ, ಟೊಮೆಟೊ, ಮುಂದಿನ ಬೆಳೆ ಎಲ್ಲವೂ ಹೋಗುತ್ತವೆ; ಹೇಳಿದವರನ್ನು ಕರೆದು ಅವರ ಹೊಲಕ್ಕೆ ಮೊದಲು ಹಾಕಿಸಿ. ಕೊನ್ನಾರಿಯ ಗಡ್ಡೆಗಳು ನೆಲದಡಿ ಸರದಂತೆ ಪೋಣಿಸಿಕೊಂಡಿರುತ್ತವೆ. ಸರ ಇಡಿಯಾಗಿದ್ದಾಗ ಹಲವು ಗಡ್ಡೆಗಳು ಮಲಗಿರುತ್ತವೆ. ಬ್ಲೇಡು ಸರ ಕತ್ತರಿಸಿದ ಕೂಡಲೇ ಒಂದೊಂದೂ ಎದ್ದು ಚಿಗುರುತ್ತದೆ. ಬೇಸಿಗೆಯಲ್ಲಿ ನೇಗಿಲಿನಿಂದ ಆಳಕ್ಕೆ ಮಗುಚಿ ಗಡ್ಡೆಗಳನ್ನು ಬಿಸಿಲಿಗೆ ಒಣಗಲು ಬಿಡಿ, ಆರಿಸಿ ತೆಗೆಯಿರಿ. ಒಂದೇ ವರ್ಷದಲ್ಲಿ ಮುಗಿಯುವ ಕೆಲಸವಲ್ಲ.

"ಅಡಿಕೆ ತೋಟದಲ್ಲಿ ವೀಡರ್ ಓಡಿಸಬಹುದೇ?" (ಶಿರಸಿ)

ಅಡಿಕೆಯ ಬೇರು ಮೇಲುಮೇಲೆಯೇ ಹರಡಿಕೊಂಡಿರುತ್ತದೆ. ಹುಲ್ಲು ಕೊಚ್ಚುವ ಯಂತ್ರ ಸಾಕು, ವೀಡರನ್ನು ತೋಟದ ಬೇಲಿಯ ಹೊರಗೇ ಇಡಿ.

"ಹಳೆಯ ಬೈಕಿಗೆ ಎಡೆಕುಂಟೆ ಕಟ್ಟಿ ಎಳೆಸುವ ವಿಡಿಯೊ ನೋಡಿದೆ. ನಾನೂ ಮಾಡಲೇ?" (ಗದಗ)

ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್‌ಸುಖ್‌ಭಾಯಿ ಜಗಾನಿ ಬುಲೆಟ್ ಬೈಕಿನ ಹಿಂದಿನ ಚಕ್ರ ತೆಗೆದು, ಎರಡು ಚಕ್ರ ಮತ್ತು ಕುಂಟೆ ಕೂಡಿಸಿ 'ಬುಲೆಟ್ ಸಾಂತಿ' ಮಾಡಿದರು. ಅದು ಯೋಚಿಸಿ ಮಾಡಿದ ಯಂತ್ರ, ಅದಕ್ಕೆ ನಾನು ಕೈಮುಗಿಯುತ್ತೇನೆ. ನೀವು ನೋಡಿದ್ದು ಹಾಗೇ ಇರುವ ಬೈಕಿಗೆ ಹಗ್ಗ ಬಿಗಿದದ್ದು. ಬೈಕಿನ ಎಂಜಿನ್ ಓಡುವ ಗಾಳಿಯಿಂದ ತಣ್ಣಗಾಗುವಂಥದ್ದು. ಗದಗದ ಬಿಸಿಲಿನಲ್ಲಿ ಮೊದಲ ಗೇರಿನಲ್ಲಿ ತೆವಳಿಸಿದರೆ ಮೊದಲು ಕ್ಲಚ್ ಪ್ಲೇಟ್ ಸುಡುತ್ತದೆ, ಆಮೇಲೆ ಎಂಜಿನ್. ಎಡೆ ಹೊಡೆಯಲು ಎತ್ತು ಬಾಡಿಗೆ ಅದಕ್ಕಿಂತ ಅಗ್ಗ.

"ನಾರ್ತ್ ಕ್ಯಾರೊಲಿನಾದಲ್ಲಿದ್ದೇವೆ. ಹುಲ್ಲು ಕತ್ತರಿಸುವ ಲಾನ್ ಟ್ರ್ಯಾಕ್ಟರ್ ಇದೆ. ಪಕ್ಕದವರು ಎಟಿವಿಯ (ನಾಲ್ಕು ಚಕ್ರದ ಬೈಕಿನಂಥ ಗಾಡಿ) ಹಿಂದೆ ಮಣ್ಣು ಸೀಳುವ ಡಿಸ್ಕ್ ಕಟ್ಟಿ ಜಿಂಕೆಗಳಿಗೆ ಮೇವು ಬಿತ್ತುತ್ತಾರೆ. ನಮ್ಮ ಹುರುಳಿಕಾಯಿ, ಮೆಂತ್ಯಕ್ಕೂ ಹಾಗೆ ಮಾಡಬಹುದೇ?"

ಲಾನ್ ಟ್ರ್ಯಾಕ್ಟರಿನ ಗೇರ್ ಪೆಟ್ಟಿಗೆಯನ್ನು ಹುಲ್ಲು ಕತ್ತರಿಸುತ್ತಾ ತಿರುಗಾಡಲಿಕ್ಕೆ ಮಾಡಿರುತ್ತಾರೆ, ನೆಲ ಸೀಳಿಸಿದರೆ ಬಿಸಿಯಾಗಿ ಸೊರಗುತ್ತದೆ. ಪಕ್ಕದವರ ಡಿಸ್ಕ್ ಎರಡು ಮೂರು ಇಂಚು ಗೀರುತ್ತದೆ, ಅದೂ ಮೇಲೆ ಭಾರ ಹೇರಿದರೆ. ಜಿಂಕೆ ಮೇಯುವ ಕ್ಲೋವರ್ ಸೊಪ್ಪಿನ ಬೀಜಕ್ಕೆ ಕಾಲಿಂಚು ಮಣ್ಣು ಮುಚ್ಚಿದರೆ ಸಾಕು, ಹಾಗಾಗಿ ಅವರಿಗೆ ನಡೆಯುತ್ತದೆ. ನೀವು ಬ್ಲೇಡು ಹಿಂದಿರುವ ಟಿಲ್ಲರನ್ನು ಒಂದು ದಿನಕ್ಕೆ ಬಾಡಿಗೆ ತನ್ನಿ. ಅಗೆಯುವ ಕೆಲವು ದಿನ ಮೊದಲು 811ಕ್ಕೆ ಕರೆ ಮಾಡಿ, ನೆಲದಡಿಯ ತಂತಿ, ಕೊಳವೆಗಳನ್ನು ಗುರುತು ಹಾಕಿಕೊಡುತ್ತಾರೆ. ನಿಮ್ಮ ಕಡೆಯ ಕೆಂಪು ಜೇಡಿ ನೋಡಲು ಕೋಲಾರದ ಮಣ್ಣಿನಂತೆಯೇ. ಉಂಡೆಯ ಪರೀಕ್ಷೆ ಅಲ್ಲಿಗೂ ಅದೇ.

"ಕ್ಲಚ್ ಹಿಡಿ ಒತ್ತಿ ಬೆರಳು ನೋಯುತ್ತದೆಂದು ನಮ್ಮ ಯಜಮಾನರು ಸೈಕಲ್ ಟ್ಯೂಬಿನಿಂದ ಬಿಗಿದಿದ್ದಾರೆ. ತಪ್ಪೇನಾದರೂ ಇದೆಯೇ?" (ಮಂಡ್ಯ)

ತಾಯಿ, ಪತ್ರಿಕೆ ಕೆಳಗಿಟ್ಟು ಮೊದಲು ಆ ಟ್ಯೂಬ್ ಕತ್ತರಿಸಿ ಬನ್ನಿ. ಕೈ ಬಿಟ್ಟರೆ ಬ್ಲೇಡ್ ನಿಲ್ಲಲೆಂದೇ ಆ ಹಿಡಿ ಇರುವುದು. ಹನ್ನೆರಡು ವರ್ಷದ ಹಿಂದೆ ನಾನೇ ಹಿಂದೆ ನೋಡದೆ ರಿವರ್ಸ್ ಹಾಕಿ, ನನಗೂ ಹಲಸಿನ ಮರಕ್ಕೂ ನಡುವೆ ಯಂತ್ರ ಏರಿ ಬಂದಿತ್ತು. ಹಿಡಿ ಹೊಟ್ಟೆಗೆ ಒತ್ತಿತು, ಗಾಬರಿಗೆ ಕೈ ಬಿಟ್ಟೆ, ಬ್ಲೇಡ್ ನಿಂತಿತು. ಪಾದಕ್ಕೂ ಬ್ಲೇಡಿಗೂ ನಡುವೆ ಗೇಣು ಅಂತರ. ಟ್ಯೂಬ್ ಕಟ್ಟಿದ್ದರೆ ಈ ಅಂಕಣವನ್ನು ಬೇರೆ ಯಾರೋ ಬರೆಯುತ್ತಿದ್ದರು. ಬೆರಳು ನೋಯುವುದು ಕೇಬಲ್ ಒಣಗಿದ್ದಕ್ಕೆ. ಎರಡು ಹನಿ ಎಣ್ಣೆ ಬಿಡಿ.

"ಸಬ್ಸಿಡಿ ಕೊಡಿಸುತ್ತೇನೆಂದು ಒಬ್ಬರು ಮುಂಗಡ ಕೇಳುತ್ತಿದ್ದಾರೆ."

ಕೊಡಬೇಡಿ. ನಿಮ್ಮ ಫ್ರೂಟ್ಸ್ ಸಂಖ್ಯೆ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ನೀವೇ ಹೋಗಿ.

"ಹೋದ ವರ್ಷ ಚೆನ್ನಾಗಿದ್ದ ವೀಡರ್ ಈ ವರ್ಷ ಸ್ಟಾರ್ಟೇ ಆಗುತ್ತಿಲ್ಲ."

ಎಂಟು ತಿಂಗಳು ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟಿದ್ದೀರಿ. ಕಾರ್ಬ್ಯುರೇಟರಿನಲ್ಲಿ ಅದು ಅಂಟಾಗಿದೆ, ಬಿಚ್ಚಿ ತೊಳೆಸಿ. ಮುಂದಿನ ಸಲ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಮೂಲೆಗೆ ನಿಲ್ಲಿಸಿ.